ಕೃಷಿ ಹೊಂಡದಲ್ಲಿ ನಿಲ್ಲುವ ನೀರಿನ ಪ್ರಮಾಣವನ್ನು ಲೆಕ್ಕ ಹಾಕುವ ವಿಧಾನ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಅರ್ಜಿದಾರ ರೈತರ ಮಾಹಿತಿಗಾಗಿ)

ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆಯಿಂದ ಈ ಮೂರೂ ತಾಲ್ಲೂಕುಗಳ ವಿಸ್ತಾರವಾದ ಪ್ರದೇಶವು ನೀರಾವರಿಗೆ ಒಳಪಟ್ಟಿದೆ. ಆದರೆ ನಾಲೆಯ ನೀರು ಏರದ ಎತ್ತರದ ಜಮೀನುಗಳಲ್ಲಿ ರಾಗಿ, ಹುರುಳಿ ಮೊದಲಾದ ಬೆಳೆಗಳು ಮಳೆಯನ್ನೇ ಅವಲಂಬಿಸಿವೆ. ಇಂತಹ ಜಮೀನಿನಿಂದ ಹರಿದುಹೋಗುವ ಮಳೆನೀರನ್ನು ತಡೆದು, ಮಳೆ ಕೈಕೊಟ್ಟಾಗ ಬೆಳೆಗೆ ಒದಗಿಸುವುದು ಕೃಷಿ ಹೊಂಡದ ಉದ್ದೇಶವಾಗಿದೆ. ರಾಜ್ಯದಲ್ಲಿ 2014-15ನೇ ಸಾಲಿನಲ್ಲಿ ಆರಂಭಗೊಂಡ ಕೃಷಿ ಭಾಗ್ಯ ಯೋಜನೆಯಿಂದ ಇದು ಹೆಚ್ಚು ಪರಿಚಿತವಾಯಿತು. ಅರ್ಜಿ ಸಲ್ಲಿಸುವ ಮೊದಲು, ಹೊಂಡದಲ್ಲಿ ನಿಜವಾಗಿ ಎಷ್ಟು ನೀರು ನಿಲ್ಲುತ್ತದೆ ಎಂಬುದನ್ನು ಅರಿತಿರುವುದು ಅವಶ್ಯಕ.

ಸಾಮಾನ್ಯವಾಗಿ ಆಗುವ ತಪ್ಪು:
ಉದ್ದ, ಅಗಲ, ಆಳಗಳನ್ನು ಗುಣಿಸಿದರೆ ನೀರಿನ ಪ್ರಮಾಣ ದೊರೆಯುತ್ತದೆಂಬ ಭಾವನೆಯಿದೆ. ಮನೆಯ ಸಂಪಿನಂತೆ ಗೋಡೆಗಳು ನೇರವಾಗಿದ್ದಲ್ಲಿ ಇದು ಸರಿ. ಆದರೆ ಮಣ್ಣು ಕುಸಿಯದಂತೆ ಹೊಂಡದ ಬದಿಗಳನ್ನು ಇಳಿಜಾರಾಗಿ ತೆಗೆಯುವುದರಿಂದ ತಳವು ಬಾಯಿಗಿಂತ ಕಿರಿದಾಗಿರುತ್ತದೆ.

ಸರಿಯಾದ ವಿಧಾನ:
ಬಾಯಿಯ ವಿಸ್ತೀರ್ಣ, ನಡು ಆಳದಲ್ಲಿನ ವಿಸ್ತೀರ್ಣದ ನಾಲ್ಕರಷ್ಟು ಹಾಗೂ ತಳದ ವಿಸ್ತೀರ್ಣ, ಈ ಮೂರನ್ನೂ ಕೂಡಿ, 6ರಿಂದ ಭಾಗಿಸಿ, ಆಳದಿಂದ ಗುಣಿಸತಕ್ಕದ್ದು. ಅಳತೆಗಳೆಲ್ಲವೂ ಮೀಟರಿನಲ್ಲಿರಬೇಕು. ಉತ್ತರವು ಘನ ಮೀಟರಿನಲ್ಲಿ ಬರುತ್ತದೆ. 1 ಘನ ಮೀಟರ್ ಎಂದರೆ 1,000 ಲೀಟರ್.

ಉದಾಹರಣೆ:
ಬಾಯಿ 21 x 21 ಮೀಟರ್, ಆಳ 3 ಮೀಟರ್ ಇದ್ದು, ಪ್ರತಿ 1 ಮೀಟರ್ ಆಳಕ್ಕೆ ಪ್ರತಿ ಬದಿಯೂ 1 ಮೀಟರ್ ಒಳಸರಿಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ನಡುಭಾಗ 18 x 18, ತಳ 15 x 15 ಮೀಟರ್ ಆಗುತ್ತದೆ.
ಬಾಯಿ: 441 ಚದರ ಮೀಟರ್
ನಡುಭಾಗ: 324 x 4 = 1,296
ತಳ: 225 ಚದರ ಮೀಟರ್
ಒಟ್ಟು: 1,962, ಇದನ್ನು 6ರಿಂದ ಭಾಗಿಸಿ 3ರಿಂದ ಗುಣಿಸಿದಾಗ 981 ಘನ ಮೀಟರ್, ಅಂದರೆ 9,81,000 ಲೀಟರ್.
ನೇರ ಗುಣಾಕಾರದಿಂದ ಬರುವುದು 13,23,000 ಲೀಟರ್. ವ್ಯತ್ಯಾಸ 3,42,000 ಲೀಟರ್.

ಬಳಕೆಗೆ ದೊರೆಯುವ ನೀರು:
ಹೊಂಡವನ್ನು ಅಂಚಿನವರೆಗೆ ತುಂಬಿಸುವಂತಿಲ್ಲ. ಮೇಲ್ಭಾಗದಲ್ಲಿ ಅರ್ಧ ಮೀಟರ್ ಬಿಟ್ಟರೆ ನೀರಿನ ಆಳ 2.5 ಮೀಟರ್, ನೀರಿನ ಮೇಲ್ಮೈ 20 x 20 ಮೀಟರ್ ಆಗುತ್ತದೆ. ಇದೇ ವಿಧಾನದಂತೆ ಸಂಗ್ರಹವು ಸುಮಾರು 7,70,000 ಲೀಟರಿಗೆ ಇಳಿಯುತ್ತದೆ. ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾದರೆ, ಹೊಂಡ ತುಂಬಿರುವಾಗ ಪ್ರತಿದಿನ 2,000 ಲೀಟರ್ ನಷ್ಟವಾಗುತ್ತದೆ. ಪಾಲಿಥೀನ್ ಹೊದಿಕೆಯು ನೀರು ಇಂಗುವುದನ್ನು ತಡೆಯುತ್ತದೆಯೇ ಹೊರತು ಆವಿಯಾಗುವುದನ್ನಲ್ಲ.

ಬೆಳೆಗೆ ಸಾಲುವ ಪ್ರಮಾಣ:
1 ಎಕರೆಗೆ 25 ಮಿಲಿಮೀಟರ್‌ನಷ್ಟು ನೀರು ಹಾಯಿಸಲು ಸುಮಾರು 1,01,000 ಲೀಟರ್ ಬೇಕು. ನೇರ ಗುಣಾಕಾರವನ್ನು ನಂಬಿದ ರೈತರು ಎಕರೆಗೆ 13 ಬಾರಿ ನೀರು ಸಿಗುವುದೆಂದು ಎಣಿಸುತ್ತಾರೆ. ವಾಸ್ತವದಲ್ಲಿ 7 ಬಾರಿಗೆ ಮಾತ್ರ ಸಾಲುತ್ತದೆ. ಆವಿಯಾಗುವುದನ್ನು ಕಳೆದರೆ ಇನ್ನೂ ಕಡಿಮೆ. ಇದನ್ನು ಅರಿಯದೆ ಎರಡು ಎಕರೆಗೆ ಬಿತ್ತಿದಲ್ಲಿ, ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಹೊಂಡ ಬರಿದಾಗಿ, ಬೀಜ, ಗೊಬ್ಬರ, ಆಳುಗಳ ಕೂಲಿ ಎಲ್ಲವೂ ವ್ಯರ್ಥವಾಗುವ ಸಂಭವವಿರುತ್ತದೆ.

ಆದ್ದರಿಂದ ಅರ್ಜಿದಾರರು ಮೊದಲು ಲಭ್ಯವಾಗುವ ನೀರನ್ನು ಲೆಕ್ಕ ಹಾಕಿ, ನಂತರ ಬೆಳೆ ಹಾಗೂ ವಿಸ್ತೀರ್ಣವನ್ನು ನಿರ್ಧರಿಸುವುದು ಸೂಕ್ತ. ಹೊಂಡ ತೆಗೆದ ಬಳಿಕ ಬಾಯಿ, ತಳ ಮತ್ತು ಆಳವನ್ನು ಖುದ್ದಾಗಿ ಅಳೆದು ಬರೆದಿಟ್ಟುಕೊಳ್ಳತಕ್ಕದ್ದು. ಮಕ್ಕಳು ಹಾಗೂ ಜಾನುವಾರುಗಳ ಸುರಕ್ಷತೆಗಾಗಿ ಸುತ್ತಲೂ ಬೇಲಿ ಹಾಕುವುದನ್ನು ಮರೆಯಬಾರದು. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.