ಭಟ್ಟಿಯ ಕೆಂಡ ಮತ್ತು ಪೇಟೆಯ ಗಾಳಿ

ಮುಂಬಯಿಯ ಹೊಟೇಲ್ ಉದ್ಯಮಿಗಳಿಗೆ ನೋಟೀಸು ಹೊಸದಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಮಹಾನಗರಪಾಲಿಕೆ ಕಳಿಸಿದ ನೋಟೀಸು ನೇರವಾಗಿ ನಮ್ಮ ಭಟ್ಟಿಗೇ ಕೈ ಹಾಕಿತು. ಇದ್ದಿಲಿನ ತಂದೂರು ಬಿಡಿ, ವಿದ್ಯುತ್ತಿಗೋ ಗ್ಯಾಸಿಗೋ ಬದಲಾಗಿ ಎಂಬುದು ಅದರ ಸಾರಾಂಶ. ಅದಕ್ಕೆ ಮೊದಲು, ಜನವರಿ 9ರಂದು, ಮುಂಬಯಿ ಹೈಕೋರ್ಟು ಕಟ್ಟಿಗೆ, ಇದ್ದಿಲು ಸುಡುವ ಬೇಕರಿ ಮುಂತಾದ ಉದ್ಯಮಗಳಿಗೆ ಆರು ತಿಂಗಳ ಗಡುವು ಕೊಟ್ಟಿತ್ತು. ನಗರದ ಗಾಳಿ ಕೆಟ್ಟದ್ದನ್ನು ಕೋರ್ಟು 2023ರಲ್ಲಿ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತ್ತು.

ವಾಹನಗಳ ಹೊಗೆ, ಕಟ್ಟಡ ಕಾಮಗಾರಿಯ ಧೂಳು ಬಿಟ್ಟು ನಮ್ಮ ತಂದೂರು ಮಾತ್ರ ಕಣ್ಣಿಗೆ ಬಿತ್ತೇ ಎಂದು ನಮ್ಮಲ್ಲಿ ಅನೇಕರ ಅಸಮಾಧಾನ. ಅಸಮಾಧಾನ ಸಹಜ, ಆದರೆ ಪೂರ್ತಿ ಸರಿಯಲ್ಲ. ಅದೇ ಆದೇಶ ಕಟ್ಟಡ ಕಾಮಗಾರಿಯನ್ನೂ ಡೀಸೆಲ್, ಪೆಟ್ರೋಲ್ ವಾಹನಗಳನ್ನೂ ಮುಟ್ಟಿದೆ. ದಿಲ್ಲಿಯಲ್ಲಂತೂ ಗಾಳಿ ಕೆಟ್ಟ ದಿನಗಳಲ್ಲಿ ಹೊಟೇಲುಗಳ ಇದ್ದಿಲಿನ ತಂದೂರಿಗೆ ನಿರ್ಬಂಧ ಮೊದಲೇ ಇದೆ.

ಇನ್ನೊಂದು ಮಾತು. ಇದ್ದಿಲಿನ ಹೊಗೆ ಪೇಟೆಗೆ ಹೋಗುವ ಮೊದಲು ನಮ್ಮ ಅಡುಗೆಮನೆಯಲ್ಲೇ ಸುತ್ತುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನೂ ಸೂಕ್ಷ್ಮ ಕಣಗಳನ್ನೂ ಮೊದಲು ನುಂಗುವವನು ಭಟ್ಟಿಯ ಮುಂದೆ ನಿಂತ ತಂದೂರಿ ಕೆಲಸಗಾರ. ಊರಿನಿಂದ ಬಂದು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದ ನಮ್ಮ ಹಿರಿಯರಿಗೆ ಆ ಹೊಗೆಯ ರುಚಿ ಯಾರೂ ಹೇಳಿಕೊಡಬೇಕಿಲ್ಲ. ಕಟ್ಟಿಗೆ, ಇದ್ದಿಲು, ಸೀಮೆಎಣ್ಣೆ ದಾಟಿ ನಾವು ಸಿಲಿಂಡರಿಗೆ ಬಂದೆವು. ಇಡ್ಲಿ, ದೋಸೆಗೆ ಗಿರಾಕಿ ಕಡಿಮೆಯಾಗಲಿಲ್ಲ.

ತಂದೂರಿನ ರುಚಿಯ ಪ್ರಶ್ನೆ ಸ್ವಲ್ಪ ಬೇರೆ. ರೋಟಿ, ನಾನ್ ಬೇಯುವುದು ಮಣ್ಣಿನ ಗೋಡೆಯ ಕಾವಿಗೆ. ಗ್ಯಾಸಿನಲ್ಲಿ ಆ ಗೋಡೆ ಚೆನ್ನಾಗಿ ಕಾದರೆ ರೋಟಿಗೆ ಹೆಚ್ಚಿನ ನಷ್ಟವಿಲ್ಲ. ಟಿಕ್ಕಾ, ಕಬಾಬಿನ ರಸ ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಪರಿಮಳ ಮಾತ್ರ ಹೋಗುತ್ತದೆ, ಅದನ್ನು ಒಪ್ಪಬೇಕು. ನಮ್ಮ ಉಡುಪಿ ಹೊಟೇಲುಗಳ ಪಂಜಾಬಿ ವಿಭಾಗಕ್ಕೆ ಮುಖ್ಯ ವ್ಯಾಪಾರ ರೋಟಿಯದ್ದೇ ಅಲ್ಲವೇ?

ನಿಜವಾದ ಕಷ್ಟ ಹಣದ್ದು. ದೊಡ್ಡ ರೆಸ್ಟೋರೆಂಟು ಒಂದೇ ವಾರದಲ್ಲಿ ತಂದೂರು ಬದಲಿಸೀತು. ಪಗಡಿಯ ಜಾಗದಲ್ಲಿ ಎಂಟು ಮೇಜಿನ ಹೊಟೇಲು ನಡೆಸುವವನ ಪಾಡು ಬೇರೆ. ತಂದೂರಿನ ಬೆಲೆ ಒಂದು ಕಡೆಯಾದರೆ ಪೈಪು, ಎಕ್ಸಾಸ್ಟು, ಅಗ್ನಿಶಾಮಕ ದಳದ ಪರವಾನಿಗೆ, ಕಟ್ಟಡದ ಮಾಲಕನ ಒಪ್ಪಿಗೆ ಇನ್ನೊಂದು ಕಡೆ. ವಿದ್ಯುತ್ ತಂದೂರಾದರೆ ಮೀಟರಿನ ಲೋಡು ಏರಿಸಬೇಕು. ಮಹಾನಗರ್ ಗ್ಯಾಸ್ 1995ರಲ್ಲೇ ಸ್ಥಾಪನೆಯಾದರೂ ಅದರ ಪೈಪು ಪ್ರತಿ ಗಲ್ಲಿಗೂ ತಲುಪಿಲ್ಲ. ಪೈಪೇ ಇಲ್ಲದ ಗಲ್ಲಿಯವನಿಗೂ ಒಂದೇ ಗಡುವು ಎಂದರೆ ನ್ಯಾಯವೇ? ಗಾಳಿ ಎಲ್ಲರದ್ದು, ಖರ್ಚು ಮಾತ್ರ ಚಿಕ್ಕವನದ್ದು ಆಗಬಾರದು. ಬೇಕರಿಯವರ ಸಂಕಟವೂ ಇದೇ. ಅವರ ಪಾವಿನ ಬೆಲೆ ಏರಿದರೆ ನಮ್ಮ ಪಾವ್ ಭಾಜಿಯ ದರವೂ ಏರಬೇಕು, ಬಿಸಿ ತಟ್ಟುವುದು ಬಡ ಗಿರಾಕಿಗೆ.

ಆದ್ದರಿಂದ ಗಡುವು ಮುಂದೂಡಿ ಎಂದು ಕೇಳುವುದಕ್ಕಿಂತ, ಗಲ್ಲಿಗೆ ಪೈಪು ಯಾವಾಗ ಬರುತ್ತದೆಂದು ಲಿಖಿತವಾಗಿ ಕೊಡಿ ಎಂದು ಕೇಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಒಂದೇ ವಾರ್ಡಿನ ಹತ್ತು ಹದಿನೈದು ಹೊಟೇಲಿನವರು ಸೇರಿ ತಂದೂರು ಖರೀದಿಸಿದರೆ, ಒಬ್ಬನೇ ಫಿಟ್ಟರಿಗೆ ಕೆಲಸ ಕೊಟ್ಟರೆ ದರದಲ್ಲಿ ಉಳಿತಾಯವಾದೀತು. ಇದ್ದಿಲಿಗೆ ತಿಂಗಳಿಗೆ ಎಷ್ಟು ಹೋಗುತ್ತಿತ್ತೆಂದು ಹಳೆಯ ಲೆಕ್ಕ ತೆಗೆದು ನೋಡಿ, ಹೊಸ ಖರ್ಚು ಎಷ್ಟು ಸಮಯದಲ್ಲಿ ತೀರೀತೆಂದು ಅಂದಾಜು ಸಿಗುತ್ತದೆ. ಗ್ಯಾಸ್ ಸಂಪರ್ಕಕ್ಕೆ ಅರ್ಜಿ ಹಾಕಿದ ಸದಸ್ಯರು ಅದರ ರಸೀದಿಯನ್ನು ಲೈಸೆನ್ಸಿನ ಫೈಲಿನಲ್ಲೇ ಇಟ್ಟುಕೊಳ್ಳಿ. ಅಧಿಕಾರಿ ಬಾಗಿಲಿಗೆ ಬಂದಾಗ ಮೊದಲು ತೋರಿಸಬೇಕಾದ ಕಾಗದ ಅದೇ.