ದಖ್ಖನಿನ ಕೆಂಪು ನಾಯಿ

ಭಾನುವಾರ ಅಬಿಡ್ಸ್‌ನಲ್ಲಿ ಅಂಗಡಿಗಳ ಷಟರ್ ಇಳಿದಿದ್ದರೆ ಫುಟ್‌ಪಾತ್ ತುಂಬ ಪುಸ್ತಕ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಪ್ತ ಪರಿಚಾರಕನಾಗಿದ್ದ ಆಲ್ಬರ್ಟ್ ಅಬಿಡ್ ಇಲ್ಲೊಂದು ಅಂಗಡಿ ಇಟ್ಟಿದ್ದ. ಅವನ ಹೆಸರೇ ಪೇಟೆಗೆ ಉಳಿಯಿತು. ಜನರಲ್ ಪೋಸ್ಟ್ ಆಫೀಸಿನ ಆಸುಪಾಸು, ಮುಚ್ಚಿದ ಬಾಗಿಲುಗಳ ಮುಂದೆ ಪ್ಲಾಸ್ಟಿಕ್ ಹಾಳೆ ಹಾಸಿ ಹಳೆಯ ಪುಸ್ತಕಗಳನ್ನು ಹರವಿರುತ್ತಾರೆ. ಎಂಜಿನಿಯರಿಂಗ್ ಗೈಡುಗಳ ಪಕ್ಕದಲ್ಲಿ ಉರ್ದು ಕಾದಂಬರಿ, ಅದರ ಮೇಲೆ ಬೆನ್ನು ಹರಿದ ನಿಘಂಟು. ದಖನಿ, ತೆಲುಗು, ಹಿಂದಿ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ನಡುವೆ ಕಲಬುರಗಿ, ಬೀದರ್ ಕಡೆಯ ಕನ್ನಡವೂ. 1956ರವರೆಗೆ ಆ ಜಿಲ್ಲೆಗಳಿಗೂ ಇದೇ ರಾಜಧಾನಿಯಾಗಿತ್ತಲ್ಲ.

ಕುಕ್ಕರಗಾಲಲ್ಲಿ ಕೂತ ಹುಡುಗನೊಬ್ಬ ಪ್ರಾಣಿಗಳ ಚಿತ್ರದ ಪುಸ್ತಕ ತಿರುವುತ್ತಾನೆ.

‘ಅಪ್ಪಾ, ಇದು ನರಿ ಏನು?’

‘ಅಲ್ಲೋ ತಮ್ಮಾ, ಕಾಡುನಾಯಿ ಅದ. ಬಾಳ ಕೆಟ್ಟ ಪ್ರಾಣಿ ನೋಡು.’

ಆ ಅಪ್ಪನದು ತಪ್ಪಲ್ಲ. ಈ ಮಾತು ನೂರಾರು ವರ್ಷದಿಂದ ನಡೆದುಬಂದದ್ದು. ಕಿಪ್ಲಿಂಗ್ 1895ರಲ್ಲಿ ಪ್ರಕಟಿಸಿದ ಎರಡನೆಯ ಜಂಗಲ್ ಬುಕ್‌ನಲ್ಲಿ ಕಾಡುನಾಯಿ, ಸೀಳುನಾಯಿ ಎಂದೆಲ್ಲ ಕರೆಯುವ ಈ ಕೆಂಪು ನಾಯಿಗಳ ಕಥೆಯೊಂದಿದೆ. ಅದರಲ್ಲಿ ದಂಡು ಕಟ್ಟಿಕೊಂಡು ತೋಳಗಳ ಸೀಮೆಗೆ ನುಗ್ಗುವ ಕೊಲೆಗಡುಕರು ಬರುವುದು ದಖ್ಖನಿನಿಂದಲೇ. ಮೌಗ್ಲಿ ಅವನ್ನು ಹೆಜ್ಜೇನಿನ ಬಂಡೆಗಳತ್ತ ಸೆಳೆದು ನಾಶಮಾಡುತ್ತಾನೆ, ಓದುವ ಮಗು ನಿಟ್ಟುಸಿರು ಬಿಡುತ್ತದೆ. ಕಥೆಯ ಹೊರಗೂ ಹಾಗೇ ನಡೆಯಿತು. ಬೇಟೆ ಇನ್ನೂ ಉಸಿರಾಡುತ್ತಿರುವಾಗಲೇ ತಿನ್ನುತ್ತವೆ, ಶಿಕಾರಿಗೆ ಬೇಕಾದ ಜಿಂಕೆಗಳನ್ನು ಮುಗಿಸುತ್ತವೆ ಎಂಬ ಸಿಟ್ಟಿಗೆ ಸೀಳುನಾಯಿಗಳನ್ನು ಗುಂಡಿಟ್ಟು, ವಿಷವಿಟ್ಟು ಕೊಂದರು. ಕೊಂದವರಿಗೆ ಸರಕಾರವೇ ಇನಾಮು ಕೊಡುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆಯೇ ಅದು ನಿಂತದ್ದು.

ಅವುಗಳ ಬದುಕನ್ನು ಕಣ್ಣಿಟ್ಟು ನೋಡಿದ್ದು ಬಂಡೀಪುರದಲ್ಲಿ. ಶಿವಕಾಶಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 78ರವರೆಗೆ ಆ ಕಾಡಿನಲ್ಲಿ ಸೀಳುನಾಯಿಗಳ ಹಿಂದೆ ಓಡಾಡಿದರು. ಕುತ್ತಿಗೆಗೆ ಕಟ್ಟುವ ರೇಡಿಯೊ ಇಲ್ಲ. ಹೆಜ್ಜೆ, ಹಿಕ್ಕೆ, ಜಿಂಕೆಯ ಎಚ್ಚರಿಕೆಯ ಕೂಗು, ಮೇಲೆ ಸುತ್ತುವ ಹದ್ದು, ಇವೇ ಇಂಥ ಹುಡುಕಾಟಕ್ಕೆ ದಾರಿ ತೋರುವ ಗುರುತುಗಳು.

ಅಲ್ಲಿಯ ಮುಂಜಾನೆ ಹೀಗಿರುತ್ತದೆ. ಮಂಜು ಇನ್ನೂ ಹುಲ್ಲಿನ ಮೇಲಿದೆ. ದಾರಿಯ ತಿರುವಿನಲ್ಲಿ ಏಳೆಂಟು ಸೀಳುನಾಯಿಗಳು ಮಲಗಿವೆ, ಮೈಯೆಲ್ಲ ಕಾವಿಯ ಕೆಂಪು, ಬಾಲದ ತುದಿ ಕಪ್ಪು. ಒಂದು ಎದ್ದು ಮೈಮುರಿದು ಇನ್ನೊಂದರ ಮೂತಿ ನೆಕ್ಕುತ್ತದೆ. ಅದು ಮೂರನೆಯದನ್ನು ಭುಜದಿಂದ ತಳ್ಳುತ್ತದೆ. ಸ್ವಲ್ಪ ಹೊತ್ತು ಆಟ, ಕುಂಯ್‌ಗುಟ್ಟುವಿಕೆ, ಬಾಲಗಳ ಅಲ್ಲಾಟ. ಆಮೇಲೆ ಸಾಲಾಗಿ ಹೊರಡುತ್ತವೆ. ದಾರಿಗಳು ಕೂಡುವಲ್ಲಿ ಎಲ್ಲವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ. ಅಲ್ಲಿ ಹಾದುಹೋಗುವ ಯಾವ ಸೀಳುನಾಯಿಗೂ ಅದು ಸುದ್ದಿ.

ಬಂಡೀಪುರದ ಲಾಂಟಾನ ಪೊದೆಯೊಳಗೆ ನುಗ್ಗಿದರೆ ಎರಡು ಮಾರು ಆಚೆಗಿನದು ಕಾಣದು. ಚುಕ್ಕಿ ಜಿಂಕೆ ಚಂಗನೆ ಹಾರಿದೊಡನೆ ಗುಂಪು ಚದರುತ್ತದೆ, ಒಂದು ಎಡಕ್ಕೆ, ಎರಡು ಹಳ್ಳದ ಕಡೆ. ಆಗ ಕೇಳಿಸುತ್ತದೆ ಆ ಸಿಳ್ಳೆ. ನಾಯಿಯ ಬಾಯಿಂದ ಬಂದದ್ದೆಂದು ನಂಬಲಾಗದಷ್ಟು ತೆಳು ದನಿ, ಮತ್ತೆ ಮತ್ತೆ ಒಂದೇ ಲಯದಲ್ಲಿ. ಪೊದೆಯಾಚೆಯಿಂದ ಅದಕ್ಕೆ ಉತ್ತರ. ಚದುರಿದವು ಒಂದೊಂದಾಗಿ ಕೂಡುತ್ತವೆ. ಹದಿನೈದು ಕಿಲೊ ತೂಗುವ ಪ್ರಾಣಿ ಒಂಟಿಯಾದರೆ ಹುಲಿ, ಚಿರತೆಗಳಿರುವ ಕಾಡಿನಲ್ಲಿ ಅದರ ಬಲ ಕಡಿಮೆ; ಕೂಡಿ ನಿಂತರೆ ತನಗಿಂತ ಹಲವು ಪಟ್ಟು ತೂಕದ ಕಡವೆಯನ್ನೂ ಕೆಡವುತ್ತದೆ. ಕೂಡಿಸುವುದು ಈ ಸಿಳ್ಳೆ. ಖಾಲಿ ತೋಟಾದ ಬಾಯಿಗೆ ಉಸಿರೂದಿದರೆ ಇದೇ ದನಿ ಬರುತ್ತದೆಂದು ಬೇಟೆಗಾರರಿಗೂ ಗೊತ್ತಿತ್ತು. ಸಂಗಾತಿಯನ್ನು ಕರೆಯುವ ದನಿ ಸಾವಿಗೆ ಕರೆಯುವುದಕ್ಕೂ ಬಳಕೆಯಾಯಿತು.

ಸಿಳ್ಳೆಯಷ್ಟೇ ಅಲ್ಲ. ಅಪಾಯ ಕಂಡಾಗ ಕಕಕಕ ಎಂಬ ಕಿರುಚಾಟ, ಮರಿಗಳೊಡನೆ ಮೆಲ್ಲನೆಯ ಕುಂಯ್‌ಕುಂಯ್, ತಿನ್ನುವಾಗ ಗುರುಗುಟ್ಟು. ಮೃಗಾಲಯದ ಸೀಳುನಾಯಿಗಳ ದನಿ ಮುದ್ರಿಸಿಕೊಂಡ ರಷ್ಯಾದ ಸಂಶೋಧಕರು ಇನ್ನೊಂದು ಸೋಜಿಗ ಕಂಡರು: ಅವು ಒಂದೇ ಉಸಿರಿನಲ್ಲಿ ಎರಡು ಸ್ವರ ಹೊರಡಿಸಬಲ್ಲವು, ಒಂದು ತಗ್ಗಿನದು, ಒಂದು ತಾರದ್ದು. ಎರಡೂ ಬೆರೆತಾಗ ಯಾವ ದನಿ ಯಾವ ನಾಯಿಯದೆಂದು ಬೇರ್ಪಡಿಸುವುದು ಸುಲಭವಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕೂಗಿದ್ದು ಯಾರೆಂದು ತಿಳಿಯಬೇಕಾದ ಬಾಳಿಗೆ ಒಪ್ಪುವ ಗಂಟಲು.

ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಜೋಡಿ. ಬಾಣಂತನ ಮಾತ್ರ ಎಲ್ಲರದ್ದು. ತಾಯಿ ಗವಿಯಲ್ಲಿರುವಾಗ ಬೇಟೆಗೆ ಹೋದವು ಹೊಟ್ಟೆಯಲ್ಲಿ ಮಾಂಸ ಹೊತ್ತು ತಂದು ಅವಳಿಗೂ ಮರಿಗಳಿಗೂ ಕಕ್ಕಿ ಕೊಡುತ್ತವೆ. ಒಂದೆರಡು ಕಾವಲಿಗೆ ಉಳಿಯುತ್ತವೆ. ಮರಿಗಳು ಗುಂಪಿನೊಡನೆ ನಡೆಯುವಷ್ಟಾದಾಗ ಬೇಟೆಯ ಮೊದಲ ತುತ್ತು ಅವುಗಳದು. ದೊಡ್ಡವು ಹಸಿದೂ ಪಕ್ಕಕ್ಕೆ ಸರಿದು ನಿಲ್ಲುತ್ತವೆ. ಕ್ರೂರಿಯೆಂದು ಇನಾಮು ಕಟ್ಟಿದ್ದು ಇಂಥ ಸಂಸಾರಕ್ಕೆ. ಮೈಸೂರಿನ ಕೃಪಾಕರ–ಸೇನಾನಿ ಈ ಸಂಸಾರದ ಬೆನ್ನು ಹತ್ತಿ ಅದನ್ನು ಜಗತ್ತಿಗೆ ತೋರಿಸಿದರು. ಅವರ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ಗ್ರೀನ್ ಆಸ್ಕರ್ ಎನ್ನಿಸಿಕೊಂಡ ಪಾಂಡಾ ಪ್ರಶಸ್ತಿ ಬಂತು.

ಇನಾಮು ಹೋಯಿತು, ಸಂಕಟ ಹೋಗಲಿಲ್ಲ. 2015ರ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಉಳಿದಿರುವ ಬೆಳೆದ ಸೀಳುನಾಯಿಗಳು 949ರಿಂದ 2,215. ಕಾಡು ತುಂಡಾಗುತ್ತಿದೆ, ಜಿಂಕೆ ಕಡವೆ ಕರಗುತ್ತಿವೆ. ಕಾಡಂಚಿನ ಊರನಾಯಿಗಳಿಂದ ಡಿಸ್ಟೆಂಪರ್, ರೇಬಿಸ್ ತಗಲುವ ಭಯವಿದೆ. ಮೂತಿ ಮೂತಿ ನೆಕ್ಕಿ ಬದುಕುವ ಗುಂಪಿನಲ್ಲಿ ಒಂದಕ್ಕೆ ಬಂದ ರೋಗ ಒಂದರಲ್ಲೇ ನಿಲ್ಲುವುದಿಲ್ಲ.

ದಖ್ಖನಿನ ಕೆಂಪು ನಾಯಿ ಕಥೆಯಲ್ಲಷ್ಟೇ ಇಲ್ಲ. ಹೈದರಾಬಾದಿನಿಂದ ಶ್ರೀಶೈಲಕ್ಕೆ ಹೋಗುವ ಬಸ್ಸು ಹಾಯುವ ಅಮ್ರಾಬಾದ್ ಕಾಡಿನಲ್ಲಿ ಅದು ಇವತ್ತಿಗೂ ಮರಿ ಸಾಕುತ್ತಿದೆ. ಆ ಕಾಡಿನಲ್ಲಿ ಗಾಡಿ ನಿಧಾನ ಓಡಲಿ, ಅಂಚಿನ ಹಳ್ಳಿಯ ನಾಯಿಗಳಿಗೆ ಲಸಿಕೆ ಬೀಳಲಿ, ಜಿಂಕೆಗೆ ಹುಲ್ಲೂ ನೀರೂ ಉಳಿಯಲಿ. ಮಗು ಚಿತ್ರ ತೋರಿಸಿ ಕೇಳಿದಾಗ, ಮರಿಗೆ ಮೊದಲು ಉಣ್ಣಿಸುವ ಪ್ರಾಣಿ ಎಂದು ಹೇಳೋಣ. ಇಷ್ಟನ್ನು ನಾವು ಮಾಡಿದರೆ ಮಿಕ್ಕದ್ದನ್ನು ಗುಂಪು ನೋಡಿಕೊಳ್ಳುತ್ತದೆ. ಒಬ್ಬರನ್ನೊಬ್ಬರು ಕಾಯುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ.