ಮೊದಲು ಭಾಷೆ, ಆಮೇಲೆ ಬೋಧನೆ: ಬಾಸೆಲ್ ಮಿಷನ್ ನಡೆದ ಬಗೆ

ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಹಳೇ ಮನೆಗಳಿಗೆ ಹೊದಿಸಿರುವ ಮಂಗಳೂರು ಹೆಂಚು ನಮಗೆಲ್ಲ ಗೊತ್ತು. ಆ ಹೆಂಚಿನ ಕಾರ್ಖಾನೆಯನ್ನು ಮೊದಲು ತೆರೆದದ್ದು ಒಂದು ಕ್ರೈಸ್ತ ಮಿಷನ್. ಸುವಾರ್ತೆ ಸಾರಲು ಬಂದವರು ಹೆಂಚು ಸುಡುವ ಕೆಲಸಕ್ಕೆ ಏಕೆ ಇಳಿದರು?

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ. ಜರ್ಮನಿಯ ವೂರ್ಟೆಂಬರ್ಗ್ ಪ್ರಾಂತದ ಲೂಥರನ್ನರೂ ಸ್ವಿಸ್ ರಿಫಾರ್ಮ್ಡ್ ಪಂಥದವರೂ ಅದರಲ್ಲಿ ಜೊತೆಯಾಗಿ ದುಡಿದರು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು.

ಮೊದಲ ಹೆಜ್ಜೆ: ಭಾಷೆ
ಮಂಗಳೂರು ಬಹುಭಾಷೆಯ ಬಂದರು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಅಲ್ಲಿ ಅಕ್ಕಪಕ್ಕದಲ್ಲೇ ಕೇಳಿಸುತ್ತಿದ್ದವು. ಹೀಗಾಗಿ ಮಿಷನರಿಗಳು ಜನರ ಮಾತನ್ನೇ ಕಲಿಯತೊಡಗಿದರು. ತುಳು ಪುಸ್ತಕಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು. ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು.

ಎರಡನೆಯದು: ಶಾಲೆ, ಅಚ್ಚುಕೂಟ
ಬೈಬಲ್ ಓದಬೇಕಾದರೆ ಅಕ್ಷರ ಬರಬೇಕು. ಅದಕ್ಕೆ ಶಾಲೆ ಬೇಕು. ಶಾಲೆಗೆ ಪುಸ್ತಕ, ಪುಸ್ತಕಕ್ಕೆ ಅಚ್ಚುಕೂಟ. 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಯಿತು. 1843ರ ಜುಲೈ 1ರಂದು ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಟಿತು. ಕನ್ನಡದ ಮೊದಲ ಪತ್ರಿಕೆ ಎಂದರೆ ಅದೇ. ಊರೂರಿಗೆ ಹೋಗಿ ಜನರೊಂದಿಗೆ ಮಾತಾಡಲು ಸ್ಥಳೀಯ ಉಪದೇಶಿಗಳೂ ಬೇಕಿದ್ದರು. ಅವರನ್ನು ತಯಾರು ಮಾಡಲು 1847ರಲ್ಲಿ ದೇವಜ್ಞಾನ ಶಾಲೆ ತೆರೆಯಿತು.

ಮೂರನೆಯದು: ಅನ್ನದ ದಾರಿ
ದೀಕ್ಷಾಸ್ನಾನ ಪಡೆದವರನ್ನು ಎಷ್ಟೋ ಮನೆಗಳು ಹೊರಹಾಕುತ್ತಿದ್ದವು. ಆಸ್ತಿಯ ಪಾಲೂ ಕೈತಪ್ಪುತ್ತಿತ್ತು. ಮೂರ್ತೆ, ಅಂದರೆ ಕಳ್ಳು ಇಳಿಸುವ ಕಸುಬನ್ನು ಬಿಡಬೇಕೆಂದು ಮಿಷನ್ನೇ ಹೇಳುತ್ತಿದ್ದುದರಿಂದ ಅದನ್ನು ನಂಬಿದ್ದವರಿಗೆ ಸಂಪಾದನೆಯೂ ನಿಲ್ಲುತ್ತಿತ್ತು. ಅವರ ಹೊಟ್ಟೆಪಾಡಿನ ಹೊಣೆ ಮಿಷನ್ ಮೇಲೆ ಬಿತ್ತು. ಬೇಸಾಯವನ್ನೂ ನೇಯ್ಗೆಯನ್ನೂ ಪ್ರಯತ್ನಿಸಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನದಿದಂಡೆಯ ಜೇಡಿಮಣ್ಣು ಹೇರಳವಾಗಿತ್ತು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಈ ಹೆಂಚು ಕರಾವಳಿಯ ಜಡಿಮಳೆಯನ್ನೂ ತಡೆಯಿತು.

ಇಂದು
ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಕಾರ್ಖಾನೆಗಳು ಕೈಬದಲಾದವು. ಆದರೂ ಸಭೆ ಚದುರಲಿಲ್ಲ, ಏಕೆಂದರೆ ಅದನ್ನು ನಡೆಸಬಲ್ಲ ಸ್ಥಳೀಯರು ಆಗಲೇ ಸಿದ್ಧರಿದ್ದರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಮೈಸೂರು ಸೀಮೆಯ ವೆಸ್ಲಿಯನ್ ಪರಂಪರೆಯೂ ಮಂಗಳೂರಿನ ಬಾಸೆಲ್ ಪರಂಪರೆಯೂ ಈಗ ಆ ಒಂದೇ ಸಭೆಯೊಳಗಿವೆ.

ಹಲವು ಭಾಷೆಯ ನಗರದಲ್ಲಿ ಸೇವೆಗೆ ಹೊರಡುವ ಯಾವ ಸಂಸ್ಥೆಗೂ ಇದರಲ್ಲಿ ಪಾಠವಿದೆ. ಜನರ ಮಾತು ಕಲಿಯಬೇಕು. ನಮ್ಮನ್ನು ನಂಬಿ ಬಂದವರು ಏನೇನು ಕಳೆದುಕೊಳ್ಳುತ್ತಾರೆಂದು ಕೇಳಿ ಅದಕ್ಕೆ ಹೊಣೆಯಾಗಬೇಕು. ನಾವಿಲ್ಲದಾಗಲೂ ಕೆಲಸ ಸಾಗುವಂತೆ ಊರಿನವರ ಕೈಗೆ ಅದನ್ನು ಒಪ್ಪಿಸಬೇಕು.